ಲಂಡನ್ನಿನ ಆಜ್ಞೆ, ಸೂರತ್ತಿನ ಸಂಕೋಲೆ

ದೂರದೇಶದ ಶಾಖೆಯನ್ನು ಅಂಕೆಯಲ್ಲಿಡುವುದು ಹೇಗೆಂಬ ಸಮಸ್ಯೆ ಇಂದಿನ ಬಹುರಾಷ್ಟ್ರೀಯ ಸಂಸ್ಥೆಗಳೊಡನೆ ಹುಟ್ಟಿದುದಲ್ಲ. 1600ರಲ್ಲಿ ಸ್ಥಾಪಿತವಾದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯನ್ನು ಲಂಡನ್ನಿನಲ್ಲಿ ಕುಳಿತ 24 ಮಂದಿಯ ಮಂಡಲಿಯು ನಡೆಸುತ್ತಿತ್ತು. ಅದರ ಸೂರತ್ತಿನ ಕೋಠಿಗೆ ಒಬ್ಬ ಅಧ್ಯಕ್ಷ, ಅವನಿಗೊಂದು ಸಲಹಾ ಸಭೆ. ಅವರ ಕೆಳಗೆ ಹಿರಿಯ ವರ್ತಕ, ಕಿರಿಯ ವರ್ತಕ, ಫ್ಯಾಕ್ಟರ್, ರೈಟರ್ ಎಂಬ ಮೆಟ್ಟಿಲುಗಳು. ಸಭೆಯಲ್ಲಿ ಕೂಡಿ ನಿರ್ಧರಿಸಬೇಕು, ನಡಾವಳಿಯನ್ನು ಬರೆದು ಲಂಡನ್ನಿಗೆ ಕಳುಹಿಸಬೇಕು ಎಂಬುದು ಕಟ್ಟಳೆ. ಆದರೆ ಪತ್ರವೊಂದು ಸಮುದ್ರ ದಾಟಲು ಆರೇಳು ತಿಂಗಳು ಹಿಡಿಯುತ್ತಿತ್ತು; ಉತ್ತರ ಬರುವಷ್ಟರಲ್ಲಿ ವರ್ಷವುರುಳಿ ಪ್ರಶ್ನೆಯೇ ಬೇರೆಯಾಗಿರುತ್ತಿತ್ತು.

ಈ ದೂರವನ್ನು ಕಂಪನಿಯು ಮುಚ್ಚಳಿಕೆಯಿಂದ ತುಂಬಲು ನೋಡಿತು. ನೌಕರರಿಂದ ಜಾಮೀನು ಪಡೆಯಿತು, ಸಂಬಳವನ್ನು ಮಾತ್ರ ಬಿಗಿಹಿಡಿಯಿತು. ರೈಟರನಿಗೆ ವರ್ಷಕ್ಕೆ 5 ಪೌಂಡು! ಅವರ ಖಾಸಗಿ ವ್ಯಾಪಾರವನ್ನು ಒಮ್ಮೆ ನಿಷೇಧಿಸುತ್ತ, ಒಮ್ಮೆ ಸಡಿಲಿಸುತ್ತ ಬಂದಿತು. ಆಳಿನ ಹೊಟ್ಟೆಗೆ ಕೊಡದೆ ಪ್ರಾಮಾಣಿಕತೆಯನ್ನು ಪತ್ರದಲ್ಲಿ ಬರೆಸಿಕೊಳ್ಳುವುದನ್ನು ವ್ಯಾಪಾರದ ಜಾಣತನವೆನ್ನಲೂ ಆಗದು.

ಲಂಡನ್ನಿನಿಂದ ಬಂದ ಬೆಳ್ಳಿ ಸಾಲದಾದಾಗ ಕೋಠಿಯು ಕೈಯೊಡ್ಡಿದವರಲ್ಲಿ ಮುಖ್ಯರು ಸೂರತ್ತಿನ ಜೈನ ಶ್ರೇಷ್ಠಿ ವೀರಜಿ ವೋರಾ. 1636ರಲ್ಲಿ ಅವರು ಕೊಟ್ಟ ಒಂದು ಸಾಲವೇ 2 ಲಕ್ಷ ರೂಪಾಯಿ. ಮೆಣಸಿನ ವ್ಯಾಪಾರದಲ್ಲಿ ಕಂಪನಿಗೆ ಪ್ರತಿಸ್ಪರ್ಧಿಯೂ ಆಗಿದ್ದವರು ಅವರೇ. ಸಾಲ ಕೊಟ್ಟವರ ಕಣ್ಣಿಗೆ ಕಾಣುತ್ತಿದ್ದುದು ಎದುರಿಗಿದ್ದ ಕೋಠಿ, ಲಂಡನ್ನಿನ ಮಂಡಲಿಯಲ್ಲ. ಊರಿನ ಪಾಲಿಗೆ ಕೋಠಿಯೇ ಕಂಪನಿ.

ಇದರ ಕಹಿಫಲ ಅರ್ಧ ಶತಮಾನದ ಬಳಿಕ ಕಾಣಿಸಿತು. 1686ರಲ್ಲಿ, ಕಂಪನಿಯ ಧುರೀಣ ಜೊಸಾಯಾ ಚೈಲ್ಡ್‌ನ ಹಟದಿಂದ, ಮಂಡಲಿಯು ಔರಂಗಜೇಬನ ಸಾಮ್ರಾಜ್ಯದ ವಿರುದ್ಧ ಯುದ್ಧಕ್ಕೆ ಆಜ್ಞೆ ಮಾಡಿತು. ಪಶ್ಚಿಮ ತೀರದಲ್ಲಿ ಅದನ್ನು ನಡೆಸಿದವನು ಮುಂಬಯಿಯಲ್ಲಿದ್ದ ಜಾನ್ ಚೈಲ್ಡ್. ಅವನು ಮೊಘಲ್ ಪ್ರಜೆಗಳ ಹಡಗುಗಳನ್ನು ಹಿಡಿದನು. ಆ ಹಡಗುಗಳ ಒಡೆಯರು ಕಂಪನಿಗೆ ಯಾವ ಕೇಡನ್ನೂ ಬಗೆದಿರಲಿಲ್ಲ. ಎಷ್ಟೋ ವರ್ಷ ಅದರೊಡನೆ ಒಂದೇ ಬಂದರಿನಲ್ಲಿ ವ್ಯವಹರಿಸಿದ್ದವರು. ಮೊಘಲ್ ಅಧಿಕಾರಿಗಳು ಹಿಡಿದದ್ದು ಕೈಗೆ ಸಿಕ್ಕವರನ್ನು: ಸೂರತ್ತಿನ ಕೋಠಿಯ ನೌಕರರು ಸಂಕೋಲೆ ತೊಟ್ಟು ಸೆರೆಯಲ್ಲಿ ಕುಳಿತರು. 1689ರಲ್ಲಿ ಸಿದ್ದಿ ಯಾಕೂಬನು ಮುಂಬಯಿಗೆ ಮುತ್ತಿಗೆ ಹಾಕಿದನು.

1690ರಲ್ಲಿ ಕಂಪನಿಯು ಕ್ಷಮೆ ಬೇಡಿತು. ಒಂದೂವರೆ ಲಕ್ಷ ರೂಪಾಯಿ ದಂಡ ತೆರಬೇಕು, ದೋಚಿದ ಸರಕನ್ನು ಹಿಂದಿರುಗಿಸಬೇಕು, ಜಾನ್ ಚೈಲ್ಡ್‌ನನ್ನು ಹೊರಗಟ್ಟಬೇಕು ಎಂದು ಬಾದಶಹನ ಫರಮಾನು ವಿಧಿಸಿತು. ಹೊರಗಟ್ಟುವ ಮೊದಲೇ ಅವನು ಮುಂಬಯಿಯಲ್ಲಿ ತೀರಿಹೋದನು. ಆಜ್ಞೆಯ ಮೂಲಪುರುಷನಾದ ಜೊಸಾಯಾ ಚೈಲ್ಡ್ ಇಂಗ್ಲೆಂಡಿನಲ್ಲಿ ಅಪಾರ ಸಂಪತ್ತಿನೊಡನೆ 1699ರವರೆಗೆ ಬದುಕಿದ್ದನು.