ಕಾವಿನ ಲೆಕ್ಕ

ದೆಹಲಿಯ ಮೇ ತಿಂಗಳಲ್ಲಿ ನಮ್ಮ ಕೂಟಕ್ಕೊಂದು ಪ್ರಶ್ನೆ ಎದುರಾಯಿತು. ಇಲ್ಲಿಯ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ಆಂಡ್ರಾಯ್ಡ್ ಆ್ಯಪ್ ರೂಪಿಸಲು ಯುವ ಸದಸ್ಯರೊಬ್ಬರು ಮುಂದಾಗಿದ್ದರು. ಅವರ ಹಳೆಯ ಲ್ಯಾಪ್‌ಟಾಪ್ ಅರ್ಧ ಗಂಟೆಯಲ್ಲಿ ದೋಸೆಯ ಕಾವಲಿಯಂತೆ ಕಾದು ಮಂದವಾಗುತ್ತಿತ್ತು. ಚಂದಾ ಎತ್ತಿದ ಹಣಕ್ಕೆ ಹೊಸತೊಂದು ಮಾತ್ರ ಬರುತ್ತಿತ್ತು. ಆಯ್ಕೆ ತಪ್ಪಿದರೆ ಮತ್ತೊಮ್ಮೆ ಕೈಚಾಚುವಂತಿರಲಿಲ್ಲ. ವೇಗವನ್ನು ನೋಡಬೇಕೆ, ತಂಪನ್ನು ನೋಡಬೇಕೆ? ಉತ್ತರಕ್ಕಾಗಿ ನಾವು ಚರಿತ್ರೆಯ ಕಡೆ ತಿರುಗಿದೆವು.

ಗಣಕಯಂತ್ರದ ಚರಿತ್ರೆ ಶಾಖದೊಡನೆ ನಡೆದ ಹೋರಾಟದ ಚರಿತ್ರೆಯೂ ಹೌದು. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದವು. ಅದು ಬಳಸುತ್ತಿದ್ದ ಸುಮಾರು 150 ಕಿಲೋವ್ಯಾಟ್ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬೀಳುತ್ತಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಯಂತ್ರಗಳು ಕುಗ್ಗಿದವು. ಟ್ರಾನ್ಸಿಸ್ಟರ್ ಕಿರಿದಾದಂತೆ ವೋಲ್ಟೇಜನ್ನೂ ಇಳಿಸಿದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳನ್ನು ಕೂಡಿಸಿದರೂ ಕಾವು ಏರದೆಂದು 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ತೋರಿಸಿದರು. ಸುಮಾರು ಮೂರು ದಶಕ ಉದ್ಯಮವು ಈ ಸೂತ್ರವನ್ನೇ ನಂಬಿ ನಡೆಯಿತು.

ಆದರೆ ವೋಲ್ಟೇಜನ್ನು ಇಳಿಸಲು ಮಿತಿಯಿತ್ತು. ತೀರ ಕಿರಿದಾದ ಟ್ರಾನ್ಸಿಸ್ಟರುಗಳಲ್ಲಿ ವಿದ್ಯುತ್ತು ಸೋರತೊಡಗಿತು. 2004ರಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್ಪಿನಲ್ಲಿ ಹಲವು ಕೋರುಗಳನ್ನು ಇಡುವ ಹಾದಿ ಹಿಡಿಯಿತು. ಮರುವರ್ಷ ಇಂಟೆಲ್ ಚಿಪ್ಪಿಗೆ ಹೊರಳುವುದಾಗಿ ಸಾರಿದ ಆ್ಯಪಲ್ ಮುಂದಿಟ್ಟ ಅಳತೆಗೋಲು, ಒಂದು ವ್ಯಾಟಿಗೆ ಎಷ್ಟು ಕೆಲಸ ಎಂಬುದು. 2020ರಲ್ಲಿ ಅದೇ ಸಂಸ್ಥೆ ಸ್ವಂತ ಎಂ1 ಚಿಪ್ಪಿನೊಡನೆ, ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಅನ್ನು ತಂದಿತು.

ಈ ಕಥೆಯಿಂದ ನಮಗೆ ತಿಳಿದದ್ದು ಇಷ್ಟು: ಡಬ್ಬಿಯ ಮೇಲೆ ಅಚ್ಚಾದ ಗಿಗಾಹರ್ಟ್ಸ್ ಯಂತ್ರದ ಗರಿಷ್ಠ ವೇಗ, ಗಂಟೆಗಟ್ಟಲೆ ನಿಲ್ಲುವ ವೇಗವಲ್ಲ. ಆ್ಯಪಿನ ಬಿಲ್ಡ್ ನಡೆಯುವಾಗ ಕೋರುಗಳೆಲ್ಲ ಒಟ್ಟಿಗೆ ದುಡಿಯುತ್ತವೆ; ಎಮ್ಯುಲೇಟರ್ ಆ ಭಾರವನ್ನು ಹೆಚ್ಚಿಸುತ್ತದೆ. ಮಿತಿ ಮೀರಿ ಕಾದ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಕೋಣೆಯೇ ಕಾದಿರುವಾಗ ಆ ಮಿತಿ ಬೇಗ ಬರುತ್ತದೆ.

ಕೊನೆಗೆ ನಾವು ತೆಳು ಯಂತ್ರದ ಮೋಹ ಬಿಟ್ಟೆವು. ತುಸು ದಪ್ಪನೆಯ, ಎರಡು ಫ್ಯಾನಿನ, 16 ಜಿಬಿ ರ್‍ಯಾಮ್ ಇರುವ, ಮಧ್ಯಮ ದರ್ಜೆಯ ಚಿಪ್ಪಿನ ಲ್ಯಾಪ್‌ಟಾಪ್ ಕೊಂಡೆವು. ಎಮ್ಯುಲೇಟರಿಗೆ ಬದಲು ಸದಸ್ಯರೊಬ್ಬರ ಹಳೆಯ ಫೋನಿನಲ್ಲೇ ಪರೀಕ್ಷೆ ನಡೆಯಿತು. ಜೂನ್ ಕೊನೆಗೆ ಸ್ವರಗಳ ಪಾಠ ಮುಗಿಯಿತು. ವ್ಯಂಜನಗಳ ಕೆಲಸ ಈಗ ಸಾಗುತ್ತಿದೆ.