ಕಿಟಕಿಯಂಚಿನ ಹಿತ್ತಾಳೆ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಮಕ್ಕಳಿಗೆ ಪಾಠ ಹೇಳುವವನು ನಾನು. ಆದರೂ ಹಳೆಯ ಜಾಗ್ವಾರ್ ಕಾರೊಂದರ ಕಿಟಕಿಯ ಚೌಕಟ್ಟನ್ನು ಕಂಡಾಗ ಅದು ಉಕ್ಕೇ ಇರಬೇಕೆಂದು ತಿಳಿದೆ. ಲೇಪ ಸವೆದ ಮೂಲೆಯೊಂದರಲ್ಲಿ ಹಳದಿ ಬಣ್ಣ ಇಣುಕಿದಾಗಲೇ ಗೊತ್ತಾದುದು: ಒಳಗಿರುವುದು ನಮ್ಮ ಮನೆಯ ಚೊಂಬಿನ ಹಿತ್ತಾಳೆ! ಅಮರಕೋಶದಲ್ಲಿ ಹಿತ್ತಾಳೆಗೆ ‘ರೀತಿ’ ಎಂಬ ಹೆಸರುಂಟು. ಕಾವ್ಯದ ರೀತಿಯನ್ನಷ್ಟೇ ಬಲ್ಲ ವಿದ್ಯಾರ್ಥಿಗಳು ಇದನ್ನು ಕೇಳಿ ನಗುವುದುಂಟು.

ಮೋಟಾರಿನ ಚರಿತ್ರೆಯಲ್ಲಿ ಹಿತ್ತಾಳೆಗೆ ಒಂದು ಯುಗವೇ ಸಂದಿದೆ. ಸುಮಾರು 1915ರವರೆಗಿನ ಕಾರುಗಳನ್ನು ಅಮೆರಿಕದವರು ‘ಹಿತ್ತಾಳೆಯ ಯುಗ’ದವೆಂದೇ ಕರೆಯುತ್ತಾರೆ. ದೀಪ, ಹಾರನ್ನು, ರೇಡಿಯೇಟರು ಎಲ್ಲವೂ ಹಬ್ಬದ ಮುನ್ನಾದಿನ ಹುಣಿಸೆಹಣ್ಣು ಹಚ್ಚಿ ತೊಳೆದ ಪಾತ್ರೆಗಳಂತೆ ಥಳಥಳಿಸುತ್ತಿದ್ದುವು. ಆದರೆ ಉಜ್ಜುವವರ ಪಾಡು ನೀವು ಬಲ್ಲಿರಿ. 1908ರಲ್ಲಿ ಹೊರಬಂದ ಫೋರ್ಡ್ ಟಿ ಮಾದರಿಯ ಹಿತ್ತಾಳೆಯ ಮುಖ 1917ರ ಮಾದರಿಯ ಹೊತ್ತಿಗೆ ಕಪ್ಪು ಕವಚಕ್ಕೆ ಎಡೆಗೊಟ್ಟಿತು. ಬೇರೆ ಕಾರುಗಳಲ್ಲಿ ನಿಕ್ಕಲ್ ಗಿಲೀಟು, 1920ರ ದಶಕದ ಕೊನೆಗೆ ಅದರ ಮೇಲೆ ಕ್ರೋಮ್ ಲೇಪ ಬಂದುವು. ಹಾಗೆಂದು ಹಿತ್ತಾಳೆ ಕಾರನ್ನು ಬಿಟ್ಟು ಹೋಗಲಿಲ್ಲ, ಹೊದಿಕೆಯೊಳಗೆ ಅವಿತುಕೊಂಡಿತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1959ರಿಂದ ತಯಾರಾದ ಜಾಗ್ವಾರ್ ಮಾರ್ಕ್ 2ರ ಕಿಟಕಿಯ ಚೌಕಟ್ಟುಗಳು ಇಂಥವೇ. ಮಳೆಯ ನೀರು ಇಳಿಯುವ ಜಾಗದಲ್ಲಿ ಉಕ್ಕು ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಹಿಡಿಯದು. ಇಕ್ಕಟ್ಟಾದ ತಿರುವಿಗೂ ಅದು ಬಾಗುತ್ತದೆ, ಮೂಲೆಯಲ್ಲಿ ಬೆಸುಗೆಯನ್ನೂ ಒಪ್ಪುತ್ತದೆ.

ಇಷ್ಟು ಸಾಧುವಾದ ಲೋಹಕ್ಕೂ ಒಂದು ಗುಟ್ಟಿನ ರೋಗವಿದೆ. ಅದು ಬಯಲಾದುದು ನಮ್ಮ ದೇಶದಲ್ಲಿ. ಬ್ರಿಟಿಷರ ಸೈನ್ಯವು ಮಳೆಗಾಲದಲ್ಲಿ ಬಂದೂಕಿನ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಕೂಡಿಡುತ್ತಿತ್ತು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ತೋಟಾಗಳು ಯಾರೂ ಮುಟ್ಟದೆಯೇ ಸೀಳಿಬಿಟ್ಟಿದ್ದುವು! ಋತುವಿನೊಡನೆ ಬರುವ ಬಿರುಕೆಂದು ಅದಕ್ಕೆ ಹೆಸರಿಟ್ಟರು. ಕಾರಣವನ್ನು ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು 1921ರಲ್ಲಿ ವಿವರಿಸಿದರು. ಕಾಯಿಸದೆ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ. ಕುದುರೆಯ ಮೂತ್ರದಿಂದೇಳುವ ಅಮೋನಿಯದ ಆವಿ ತಗುಲಿದರೆ ಆ ಬಿಗಿತವೇ ಲೋಹವನ್ನು ಒಡೆಯುತ್ತದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥ ಹಳೆಯ ಕಾರಿದ್ದರೆ ಈ ಕಥೆಯನ್ನು ಮರೆಯಬೇಡಿ. ನಜ್ಜಿದ ಪಟ್ಟಿಯನ್ನು ತಣ್ಣಗಿರುವಾಗಲೇ ಬಡಿದು ನೇರ ಮಾಡಿದರೆ ನೋಟಕ್ಕೆ ಕೆಲಸ ಮುಗಿದಂತೆಯೇ. ಆದರೆ ಪ್ರತಿಯೊಂದು ಪೆಟ್ಟೂ ಹಿತ್ತಾಳೆಯನ್ನು ಗಡಸು ಮಾಡುತ್ತದೆ, ಬಿಗಿತವನ್ನು ಒಳಗೆ ತುಂಬುತ್ತದೆ. ಮುಂದೆ ಅಮೋನಿಯ ಬೆರೆತ ಪಾಲಿಷು ಸೋಕಿದರೆ, ರಿಪೇರಿಯಾದ ಜಾಗವೇ ಮತ್ತೆ ಬಿರಿಯಬಹುದು.

ಆದುದರಿಂದ ಬಲ್ಲ ಕೆಲಸಗಾರನು ಮೊದಲು ಹಳೆಯ ಕ್ರೋಮ್, ನಿಕ್ಕಲ್ ಎರಡನ್ನೂ ತೆಗೆಸುತ್ತಾನೆ. ಆಮೇಲೆ ಪಟ್ಟಿಯನ್ನು ನೆರಳಿನಲ್ಲಿಟ್ಟು, ಮಸುಕುಗೆಂಪು ಕಾಣುವಷ್ಟು ಮಾತ್ರ ಕಾಯಿಸಿ ಮೆದುಗೊಳಿಸುತ್ತಾನೆ. ಬಿಸಿಲಿನಲ್ಲಿ ಆ ಕೆಂಪು ಕಣ್ಣಿಗೆ ಬೀಳದು, ಬೀಳುವ ಹೊತ್ತಿಗೆ ಕಾವು ಮೀರಿರುತ್ತದೆ. ಹಿತ್ತಾಳೆಯಲ್ಲಿ ತಾಮ್ರದೊಡನೆ ಬೆರೆತಿರುವ ಸತುವು ಕುದಿಯುವುದು 907 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅತಿಯಾಗಿ ಕಾಯಿಸಿದರೆ ಅದು ಹೊಗೆಯಾಗಿ ಹೋಗುತ್ತದೆ. ತಣಿದ ಮೇಲೆ ತಗ್ಗನ್ನು ಒಳಗಿನಿಂದ ಕೊಡತಿಯಲ್ಲಿ ಮೆಲ್ಲಗೆ ಎಬ್ಬಿಸಬೇಕು. ಮತ್ತೆ ಗಡಸಾದರೆ ಮತ್ತೆ ಕಾಯಿಸಬೇಕು. ಬಿರುಕಿದ್ದರೆ ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆ ಹಾಕಬೇಕು. ಇದು ನಮ್ಮ ಅಕ್ಕಸಾಲಿಗರಿಗೆ ಹೊಸತೇನಲ್ಲ.

ಅರದಿಂದ ಉಜ್ಜುವಾಗ ಮಾತ್ರ ಕೈ ಬಿಗಿಹಿಡಿಯಬೇಕು. ಪಟ್ಟಿ ಮೊದಲೇ ತೆಳು. ಮೆರುಗಿನ ಆಸೆಗೆ ಬಿದ್ದು ಮೂಲೆಯನ್ನು ತೂತು ಮಾಡಿದವರಿದ್ದಾರೆ. ಹೊಸ ಲೇಪಕ್ಕೆ ಕಳುಹಿಸುವ ಮುನ್ನ ಚೌಕಟ್ಟನ್ನು ಗಾಜು, ರಬ್ಬರುಗಳೊಡನೆ ಬಾಗಿಲಿಗೆ ಕೂರಿಸಿ, ಗಾಜನ್ನು ಒಮ್ಮೆ ಏರಿಸಿ ಇಳಿಸಿ ನೋಡಬೇಕು. ಲೇಪವಾದ ಮೇಲೆ ಅದನ್ನು ಬಗ್ಗಿಸಹೋದರೆ ಕ್ರೋಮ್ ಸಿಡಿಯುತ್ತದೆ, ಮೊದಲಿನಿಂದ ಎಲ್ಲ ಕೆಲಸವನ್ನೂ ಮತ್ತೆ ಮಾಡಬೇಕಾಗುತ್ತದೆ.