ನೆರೆ ಹಾನಿ ಸಮೀಕ್ಷೆ

ನೆರೆ ಹಾನಿ ಸಮೀಕ್ಷೆ ಎಂದರೆ ಪ್ರವಾಹದ ನೀರು ಇಳಿದ ಬಳಿಕ ಮನೆ, ಅಂಗಡಿ, ಕಾರ್ಖಾನೆ ಮೊದಲಾದವುಗಳಿಗೆ ಆದ ಹಾನಿಯನ್ನು ಸ್ಥಳದಲ್ಲಿಯೇ ಪರಿಶೀಲಿಸಿ, ವರ್ಗೀಕರಿಸಿ, ಹಣದ ಮೊತ್ತವಾಗಿ ದಾಖಲಿಸುವ ಪ್ರಕ್ರಿಯೆ. ಭಾರತದಲ್ಲಿ ಇದು 2005ರ ವಿಪತ್ತು ನಿರ್ವಹಣಾ ಕಾಯ್ದೆ ಹಾಗೂ ಅದರಡಿ ರಚಿತವಾದ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳನ್ನು ಅನುಸರಿಸಿ ನಡೆಯುತ್ತದೆ. ಸಮೀಕ್ಷೆಯ ವರದಿಯೇ ಪರಿಹಾರಕ್ಕೆ ಆಧಾರವಾದುದರಿಂದ ಅದರಲ್ಲಿ ನಮೂದಾಗದ ನಷ್ಟಕ್ಕೆ ಸರ್ಕಾರದ ಲೆಕ್ಕದಲ್ಲಿ ಸ್ಥಾನವಿರುವುದಿಲ್ಲ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಪದ್ಧತಿಯನ್ನು, ಅದರಲ್ಲಿಯೂ 2019ರ ಆಗಸ್ಟ್ ಪ್ರವಾಹದ ಸಂದರ್ಭವನ್ನು ಕುರಿತದ್ದಾಗಿದೆ.

ಮನೆಗಳ ಸಮೀಕ್ಷೆ

ಕಂದಾಯ ಇಲಾಖೆಯ ಗ್ರಾಮ ಆಡಳಿತ ಅಧಿಕಾರಿ (ಹಿಂದಿನ ಗ್ರಾಮ ಲೆಕ್ಕಾಧಿಕಾರಿ) ಅಥವಾ ಕಂದಾಯ ನಿರೀಕ್ಷಕರು, ಸ್ಥಳೀಯ ಸಂಸ್ಥೆಯ ಸಿಬ್ಬಂದಿ ಹಾಗೂ ಒಬ್ಬ ಎಂಜಿನಿಯರ್ ಒಟ್ಟಾಗಿ ಮನೆಮನೆಗೆ ಭೇಟಿ ನೀಡುತ್ತಾರೆ. ಇದನ್ನು ಜಂಟಿ ಸಮೀಕ್ಷೆ ಎನ್ನಲಾಗುತ್ತದೆ. ಗೋಡೆಯ ಮೇಲೆ ನೀರು ನಿಂತ ಗುರುತು, ಅಡಿಪಾಯದ ಕುಸಿತ, ಗೋಡೆಗಳ ಬಿರುಕು ಮತ್ತು ಛಾವಣಿಯ ಸ್ಥಿತಿಯನ್ನು ನೋಡಿ, ಛಾಯಾಚಿತ್ರ ತೆಗೆದು, ಪಂಚನಾಮೆ ಬರೆಯಲಾಗುತ್ತದೆ. ತಹಶೀಲ್ದಾರರ ಅನುಮೋದನೆಯ ನಂತರ ವಿವರಗಳು ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕೆ ಸೇರುತ್ತವೆ.

ಈ ಕೆಲಸದಲ್ಲಿ ಕಾಲದ ಆಯ್ಕೆ ಬಹಳ ಮುಖ್ಯವಾದುದು. ಉತ್ತರ ಕರ್ನಾಟಕದ ಹಳೆಯ ಪೇಟೆಗಳಲ್ಲಿ ಕಲ್ಲು ಮತ್ತು ಕೆಸರುಮಣ್ಣಿನ ಗೋಡೆಗಳ ಮಾಳಿಗೆ ಮನೆಗಳು ಸಾಮಾನ್ಯ. ಇಂತಹ ಗೋಡೆ ನೀರಿನಲ್ಲಿ ನಿಂತಿರುವಾಗ ಬೀಳದೆ, ನೀರು ಇಳಿದು ಒಳಗಿನ ಮಣ್ಣು ಸಡಿಲಗೊಂಡ ಮೇಲೆ ಕುಸಿಯುವುದುಂಟು. ಎರೆಮಣ್ಣಿನ ನೆಲವು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅಡಿಪಾಯದ ಬಿರುಕುಗಳೂ ವಾರಗಳ ನಂತರ ತಲೆದೋರುತ್ತವೆ. ಆದ್ದರಿಂದ ಅವಸರದ ಸಮೀಕ್ಷೆಯಲ್ಲಿ ಭಾಗಶಃ ಹಾನಿ ಎಂದು ಬರೆದ ಮನೆ ಮುಂದೆ ಪೂರ್ಣ ಬೀಳಬಹುದು. ತಡವಾದ ಸಮೀಕ್ಷೆಯಲ್ಲಿ ಆ ಕುಸಿತಕ್ಕೆ ನೆರೆಯೇ ಕಾರಣವೆಂದು ಸಾಬೀತುಪಡಿಸುವುದು ಕಷ್ಟ. ಮರುಸಮೀಕ್ಷೆಯ ಬೇಡಿಕೆಗಳು ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಹಾನಿಯ ವರ್ಗಗಳು

ಕೇಂದ್ರದ 2015–20ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣವಾಗಿ ಅಥವಾ ತೀವ್ರವಾಗಿ ಹಾನಿಗೊಂಡ ಮನೆಗೆ 95,100 ರೂಪಾಯಿ, ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 5,200 ರೂಪಾಯಿ ನಿಗದಿಯಾಗಿತ್ತು. 2022–26ರ ಅವಧಿಗೆ ಇವು ಕ್ರಮವಾಗಿ 1,20,000 ಮತ್ತು 6,500 ರೂಪಾಯಿಗಳಾದವು.

2019ರಲ್ಲಿ ಕರ್ನಾಟಕ ಸರ್ಕಾರವು ತನ್ನ ಬೊಕ್ಕಸದಿಂದ ಹೆಚ್ಚಿನ ಹಣ ಸೇರಿಸಿ ಮೂರು ವರ್ಗಗಳನ್ನು ಮಾಡಿತು. ಶೇ. 75ಕ್ಕಿಂತ ಹೆಚ್ಚು ಹಾನಿಯಾದ ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ ಗೊತ್ತುಪಡಿಸಲಾಯಿತು. ಶೇ. 25ರಿಂದ 75ರವರೆಗಿನ ‘ಬಿ’ ವರ್ಗಕ್ಕೆ ಮೊದಲು 1 ಲಕ್ಷವಿದ್ದು, ನಂತರ ಕೆಡವಿ ಕಟ್ಟುವವರಿಗೆ 5 ಲಕ್ಷ, ದುರಸ್ತಿ ಮಾಡಿಕೊಳ್ಳುವವರಿಗೆ 3 ಲಕ್ಷ ಎಂದು ಪರಿಷ್ಕರಿಸಲಾಯಿತು. ಶೇ. 15ರಿಂದ 25ರವರೆಗಿನ ‘ಸಿ’ ವರ್ಗದ ಮೊತ್ತವು 25,000ದಿಂದ 50,000 ರೂಪಾಯಿಗೆ ಏರಿತು. ಅಂದರೆ ಎಂಜಿನಿಯರ್ ಶೇ. 24 ಎಂದು ಬರೆಯುವುದಕ್ಕೂ ಶೇ. 26 ಎಂದು ಬರೆಯುವುದಕ್ಕೂ ಕನಿಷ್ಠ ಎರಡೂವರೆ ಲಕ್ಷ ರೂಪಾಯಿಗಳ ಅಂತರವಿತ್ತು. ಬಿರುಕುಬಿಟ್ಟ ಗೋಡೆಯನ್ನು ಕಣ್ಣಳತೆಯಲ್ಲಿ ಅಷ್ಟು ನಿಖರವಾಗಿ ಅಳೆಯುವುದು ಯಾರಿಗೂ ಸುಲಭವಲ್ಲ.

ದಾಖಲೆಗಳದ್ದು ಇನ್ನೊಂದು ತೊಡಕು. ಮನೆ ಅಜ್ಜನ ಹೆಸರಿನಲ್ಲಿದ್ದು ಮೂರು ಸಂಸಾರಗಳು ಅದರಲ್ಲಿ ಬೇರೆ ಬೇರೆ ಒಲೆ ಹೂಡಿದ್ದರೂ ಕಟ್ಟಡ ಒಂದೇ ಎಂದು ಗಣನೆಯಾಗುವ ಸಂಭವವಿದೆ. ಬಾಡಿಗೆದಾರನಿಗೆ ಕಟ್ಟಡದ ಪರಿಹಾರದಲ್ಲಿ ಪಾಲಿಲ್ಲ. ಅವನಿಗೆ ದೊರೆಯುವುದು ಬಟ್ಟೆ ಮತ್ತು ಪಾತ್ರೆಗಳ ನೆರವು ಮಾತ್ರ. ಕೇಂದ್ರದ ಮಾನದಂಡದಲ್ಲಿ ಇದು 3,800 ರೂಪಾಯಿಯಾಗಿದ್ದು, 2019ರಲ್ಲಿ ರಾಜ್ಯವು 6,200 ಸೇರಿಸಿ ಕುಟುಂಬಕ್ಕೆ 10,000 ರೂಪಾಯಿ ನೀಡಿತು.

ಅಂಗಡಿಗಳು ಮತ್ತು ಉದ್ಯಮಗಳು

ಬೆಳಗಾವಿ ಜಿಲ್ಲೆಯ ಗೋಕಾಕವು ಘಟಪ್ರಭಾ ನದಿಯ ದಡದಲ್ಲಿದೆ. ಮಾರ್ಕಂಡೇಯ ನದಿಯೂ ಊರಿನ ಸಮೀಪದಲ್ಲಿಯೇ ಘಟಪ್ರಭೆಯನ್ನು ಕೂಡುತ್ತದೆ. ಪಶ್ಚಿಮ ಘಟ್ಟದಲ್ಲಿ ಭಾರಿ ಮಳೆಯಾಗಿ ಹಿಡಕಲ್ ಜಲಾಶಯದಿಂದ ನೀರು ಹೊರಬಿಟ್ಟಾಗ ಎರಡೂ ನದಿಗಳು ಒಮ್ಮೆಗೇ ಉಕ್ಕುತ್ತವೆ. 2019ರ ಆಗಸ್ಟ್‌ನಲ್ಲಿ ಪಟ್ಟಣದ ತಗ್ಗಿನ ಬಡಾವಣೆಗಳು ಜಲಾವೃತವಾದವು. ಇಂತಹ ಪೇಟೆಯಲ್ಲಿ ನಷ್ಟದ ದೊಡ್ಡ ಪಾಲು ಗೋಡೆಗಿಂತ ಗೋಡೆಯ ಒಳಗಿನ ಸರಕಿನದು: ಬಟ್ಟೆಯ ಗಂಟು, ಕಿರಾಣಿ ಚೀಲ, ಔಷಧ, ಹೊಲಿಗೆ ಯಂತ್ರ, ಫ್ರಿಡ್ಜ್.

ಪರಿಹಾರ ನಿಧಿಯ ಮಾನದಂಡದಲ್ಲಿ ಅಂಗಡಿಯ ಸರಕಿಗೆ ಪ್ರತ್ಯೇಕ ಬಾಬತ್ತು ಇಲ್ಲ. ಕುಶಲಕರ್ಮಿಗಳಿಗೆ ಮತ್ತು ಕೈಮಗ್ಗ ನೇಕಾರರಿಗೆ ಮಾತ್ರ ಹಾಳಾದ ಉಪಕರಣಕ್ಕೆ ಹಾಗೂ ಕಚ್ಚಾವಸ್ತು ಅಥವಾ ಸಿದ್ಧವಸ್ತುವಿಗೆ ತಲಾ 4,100 ರೂಪಾಯಿ (2015–20) ಇತ್ತು. ವ್ಯಾಪಾರ ನಿಂತ ದಿನಗಳ ಆದಾಯ, ಕೆಲಸಗಾರರ ಕೂಲಿ, ಉದ್ರಿ ಲೆಕ್ಕದ ಪುಸ್ತಕ ನೀರುಪಾಲಾದುದರಿಂದ ಬಾರದೆ ಹೋದ ಬಾಕಿ ಇವು ಯಾವ ನಮೂನೆಯಲ್ಲಿಯೂ ಕಾಣಿಸುವುದಿಲ್ಲ.

ವ್ಯಾಪಾರಿಗೆ ಉಳಿಯುವ ಮುಖ್ಯ ಆಸರೆ ವಿಮೆ. 2021ರ ಏಪ್ರಿಲ್ 1ರಿಂದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’, 5 ಕೋಟಿ ರೂಪಾಯಿವರೆಗಿನ ಉದ್ಯಮಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಏಕರೂಪದ ಪಾಲಿಸಿಗಳು ಜಾರಿಯಲ್ಲಿದ್ದು, ಎರಡರಲ್ಲಿಯೂ ಪ್ರವಾಹ ಸೇರಿದೆ. ಇಲ್ಲಿ ಹಾನಿ ನಿರ್ಧರಿಸುವವರು ಪರವಾನಗಿ ಪಡೆದ ಸರ್ವೇಯರ್. ಅವರು ಖರೀದಿ ರಶೀದಿ, ಸ್ಟಾಕ್ ಪುಸ್ತಕ, ಜಿಎಸ್‌ಟಿ ವಿವರಗಳನ್ನು ತಾಳೆ ನೋಡುತ್ತಾರೆ. ಆದ್ದರಿಂದ ಹಾಳಾದ ಸರಕನ್ನು ಸರ್ವೇಯರ್ ನೋಡುವ ಮೊದಲು ಎಸೆಯುವುದು ಕ್ಲೇಮಿಗೆ ಧಕ್ಕೆ ತರಬಹುದು. ಉದ್ಯಮದ ಪಾಲಿಸಿಯಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ, ಶೇ. 15ರ ರಿಯಾಯಿತಿಯನ್ನು ಮೀರಿದಾಗ, ಪರಿಹಾರವೂ ಅದೇ ಅನುಪಾತದಲ್ಲಿ ಇಳಿಯುತ್ತದೆ. ಉದಾಹರಣೆಗೆ, 10 ಲಕ್ಷದ ಸರಕಿಗೆ 5 ಲಕ್ಷದ ವಿಮೆಯಿದ್ದು 4 ಲಕ್ಷದ ಸರಕು ಹಾಳಾದರೆ ದೊರೆಯುವುದು ಸುಮಾರು 2 ಲಕ್ಷ.

ಆಳ–ಹಾನಿ ರೇಖೆ

ಪ್ರತಿ ಕಟ್ಟಡವನ್ನೂ ಹೊಕ್ಕು ನೋಡದೆ ಇಡೀ ಪಟ್ಟಣದ ನಷ್ಟವನ್ನು ಅಂದಾಜಿಸಲು ನೀರಿನ ಆಳಕ್ಕೂ ಹಾನಿಗೂ ಇರುವ ಸಂಬಂಧವನ್ನು ರೇಖೆಯಾಗಿ ಬಳಸಲಾಗುತ್ತದೆ. ಈ ವಿಧಾನದ ಬೆಳವಣಿಗೆಯಲ್ಲಿ ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಅವರ ಪಾತ್ರ ದೊಡ್ಡದು. ಬ್ರಿಟನ್ನಿನಲ್ಲಿ 1977ರಲ್ಲಿ ಪೆನ್ನಿಂಗ್-ರೌಸೆಲ್ ಮತ್ತು ಚಾಟರ್ಟನ್ ಕಟ್ಟಡಗಳ ಬಗೆಗೆ ತಕ್ಕಂತೆ ಇಂತಹ ರೇಖೆಗಳ ಕೈಪಿಡಿ ಹೊರತಂದರು. ಆಳವೊಂದೇ ಸಾಕಾಗದು. ನೀರು ನಿಂತ ಅವಧಿ, ಹರಿವಿನ ವೇಗ, ಹೂಳು ಮತ್ತು ಚರಂಡಿ ನೀರಿನ ಬೆರಕೆಯೂ ಹಾನಿಯನ್ನು ನಿರ್ಧರಿಸುತ್ತವೆ. ಸಿಮೆಂಟ್ ಕಟ್ಟಡಕ್ಕೆ ರಚಿಸಿದ ರೇಖೆಯನ್ನು ಮಣ್ಣಿನ ಮನೆಗೆ ಹಾಗೆಯೇ ಅನ್ವಯಿಸಿದರೆ ಹಾನಿ ಕಡಿಮೆಯೆಂದು ತೋರುತ್ತದೆ.

ಅಂದಾಜು ಮತ್ತು ಬಿಡುಗಡೆ

2019ರ ಪ್ರವಾಹದಲ್ಲಿ ರಾಜ್ಯದ 22 ಜಿಲ್ಲೆಗಳ 103 ತಾಲ್ಲೂಕುಗಳು ಬಾಧಿತವಾದವು. ರಾಜ್ಯ ಸರ್ಕಾರ ಅಂದಾಜಿಸಿದ ಒಟ್ಟು ನಷ್ಟ 35,000 ಕೋಟಿ ರೂಪಾಯಿಗೂ ಹೆಚ್ಚು. ಮಾನದಂಡಗಳಿಗೆ ಒಳಪಟ್ಟು ಕೇಂದ್ರದಿಂದ ಕೋರಬಹುದಾಗಿದ್ದ ಮೊತ್ತ ಸುಮಾರು 3,800 ಕೋಟಿ. ಕೇಂದ್ರವು 2019ರ ಅಕ್ಟೋಬರ್‌ನಲ್ಲಿ 1,200 ಕೋಟಿ ರೂಪಾಯಿಗಳ ಮಧ್ಯಂತರ ನೆರವು ನೀಡಿ, 2020ರ ಜನವರಿಯಲ್ಲಿ 1,869.85 ಕೋಟಿ ರೂಪಾಯಿಗಳಿಗೆ ಅನುಮೋದನೆ ನೀಡಿತು.